ಒಂದು ಬೊಗಸೆ ಜೋಳ

ಆಸ್ಪತ್ರೆಗೆ ಹೋಗುವಾಗ ಮಾಸ್ತರರ ಗಲ್ಲದ ಎಲುಬುಗಳು ಎದ್ದು ಕಾಣುತ್ತಿದ್ದವು. ತಿರುಗಿ ಬಂದಾಗ ಮುಖ ಉಬ್ಬಿದ ಪೂರಿಯಂತೆ ದುಂಡಗಾಗಿತ್ತು. ಕುಷ್ಟಗಿ ಬಸ್ ಸ್ಟ್ಯಾಂಡಿನಲ್ಲಿ ಇಳಿದಾಗ ನೋಡಿದವರೆಲ್ಲ, “ಮಾಸ್ತರು ಭಾಳ ಛಲೋ ಆಗ್ಯಾರ” ಎಂದರು. ಅದು ಗುಳಿಗೆಯಿಂದ ಬಂದ ಬಾವು ಎಂಬುದು ಮಾಸ್ತರರಿಗೆ, ಅವರ ಅಕ್ಕನಿಗೆ, ಪಕ್ಕದ ಮನೆಯ ನನಗೆ ಮಾತ್ರ ಗೊತ್ತಿತ್ತು.

ಎಂಬತ್ತರ ದಶಕದ ಮಾತು. ಅವರು ಗಣಿತದ ಮಾಸ್ತರರು. ಅದೇ ಶಾಲೆಯಲ್ಲಿ ನಾನು ಇಂಗ್ಲಿಷ್ ಕಲಿಸುತ್ತಿದ್ದೆ. ಅವರ ಎರಡೂ ಮೂತ್ರಪಿಂಡ ಕೆಟ್ಟಾಗ, ಗಂಡ ತೀರಿದ ಮೇಲೆ ತಮ್ಮನ ಮನೆಯಲ್ಲೇ ಇದ್ದ ಅಕ್ಕ ತಮ್ಮದೊಂದನ್ನು ಕೊಟ್ಟರು. ತಮಿಳುನಾಡಿನ ಆ ದೊಡ್ಡ ಆಸ್ಪತ್ರೆಗೆ ಭಾಷೆಯ ಸಹಾಯಕ್ಕೆಂದು ನಾನೂ ಹೋಗಿದ್ದೆ. ಮನೆಗೆ ಕಳಿಸುವ ದಿನ ವೈದ್ಯರು ಹೇಳಿದ್ದನ್ನು ಅಕ್ಕನಿಗೆ ಬಿಡಿಸಿ ಹೇಳಿದೆ: ಹೊಸ ಮೂತ್ರಪಿಂಡವನ್ನು ಮೈ ತಿರಸ್ಕರಿಸದಂತೆ ಕೊಡುವ ಗುಳಿಗೆಗಳು ರೋಗ ತಡೆಯುವ ಶಕ್ತಿಯನ್ನೂ ಕುಗ್ಗಿಸುತ್ತವೆ. ನಮಗೆ ಏನೂ ಮಾಡದ ಬೂಷ್ಟು ಇವರ ಎದೆಯೊಳಗೆ ಬೇರು ಬಿಡಬಹುದು. ಹಸಿ ಗೋಡೆ, ಹಳೆಯ ಮೇವು, ಮುಗ್ಗಿದ ಕಾಳು, ಯಾವುದರ ಹತ್ತಿರವೂ ಬಿಡಬಾರದು.

ಅಕ್ಕ ಅದನ್ನು ಅಕ್ಷರಶಃ ಪಾಲಿಸಿದರು. ಹಿತ್ತಲಿನ ಮೇವಿನ ಬಣವೆ ಹೊಲಕ್ಕೆ ಹೋಯಿತು. ತಂಪು ಹಿಡಿದ ಗೋಡೆ ಕೆರೆಸಿ ಸುಣ್ಣ ಹಚ್ಚಿಸುವಾಗ ತಮ್ಮನನ್ನು ನನ್ನ ಮನೆಗೆ ಕಳಿಸಿದರು. ಕಾಳಿನ ಚೀಲ ಹೊತ್ತು ಬಂದ ಸಂಬಂಧಿಕರೊಬ್ಬರನ್ನು ಬಾಗಿಲಲ್ಲೇ ತಡೆದಾಗ ಅವರು, “ಕಾಳಿಗೂ ಮಡಿ ಏನವಾ?” ಎಂದು ಸಿಟ್ಟಾದರು.

“ಮಡಿ ಅಲ್ಲೋ ಯಪ್ಪಾ, ಇವನ ಜೀವ.”

ಮಾಸ್ತರರು ಮಾತ್ರ ನಗುನಗುತ್ತ ಇದ್ದರು. ಬಾಯಿಗೆ ಬಟ್ಟೆ ಕಟ್ಟಿಕೊಂಡೇ ಪಾಠ. ಲೆಕ್ಕ ತಪ್ಪಿದ ಹುಡುಗರಿಗೆ, ಹೊಸ ಮೂತ್ರಪಿಂಡ ಕೂಡಿಸಿದ್ದ ತಮ್ಮ ಕಿಬ್ಬೊಟ್ಟೆ ತಟ್ಟಿ, “ಇಲ್ಲಿ ನಮ್ಮಕ್ಕ ಕುಂತಾಳ. ನಾನು ಬಿಟ್ರೂ ಅಕಿ ಬಿಡಂಗಿಲ್ಲ” ಎನ್ನುತ್ತಿದ್ದರು.

ಅವರ ಅಂಗಳದಲ್ಲಿ ಹಗೇವು ಇತ್ತು, ಜೋಳ ತುಂಬಿಡುವ ಆಳದ ನೆಲಗುಂಡಿ. ಕಾಯಿಲೆ ಬೀಳುವ ಮೊದಲು ಮಾಸ್ತರರೇ ಮುಂದೆ ನಿಂತು ತುಂಬಿಸಿದ್ದು. ಒಳಗಿನ ಕಾಳು ಮುಗ್ಗಿರಬಹುದೆಂದು, ತಮ್ಮನು ಶಾಲೆಗೆ ಹೋದ ಹೊತ್ತು ನೋಡಿ ಅಕ್ಕ ಅದನ್ನು ತೆಗೆಸಿದರು. ಅಂದು ಶಾಲೆ ಬೇಗ ಬಿಟ್ಟಿತು. ನಾವಿಬ್ಬರೂ ಬಂದಾಗ ಆಳುಗಳು ಊಟಕ್ಕೆ ಕುಳಿತಿದ್ದರು, ಅಕ್ಕ ಒಳಗೆ ಬಡಿಸುತ್ತಿದ್ದರು. ಅಂಗಳದಲ್ಲಿ ಜೋಳದ ರಾಶಿ. ಬದಿಯ ಕಾಳು ಮುಗ್ಗಿ ಕಪ್ಪಾಗಿತ್ತು.

ಮಾಸ್ತರರು ರಾಶಿಯ ಮುಂದೆ ಕುಕ್ಕರಗಾಲಲ್ಲಿ ಕುಳಿತರು. ಬಾಯಿಯ ಬಟ್ಟೆ ಇಳಿಸಿದರು.

“ಬ್ಯಾಡ್ರಿ ಸರ!” ಎಂದೆ.

ಅಷ್ಟರಲ್ಲಿ ಒಂದು ಬೊಗಸೆ ಮೊಗೆದು ಮೂಗಿಗೆ ಹಿಡಿದಿದ್ದರು. ಕೈಯಿಂದ ಸಣ್ಣ ಧೂಳೆದ್ದಿತು. “ನಾನ ಬೆಳೆದ ಜೋಳ, ಸರ. ನನಗೇನ ಮಾಡತೈತಿ? ಅಕ್ಕಗ ಹೇಳಬ್ಯಾಡ್ರಿ ಮತ್ತ.”

ಅಷ್ಟೇ. ಒಂದು ಉಸಿರಿನಷ್ಟು ಹೊತ್ತು.

ಕೆಲವು ವಾರಗಳಲ್ಲಿ ಒಣಕೆಮ್ಮು, ಜ್ವರ, ಆಮೇಲೆ ಕಫದಲ್ಲಿ ರಕ್ತ. ಮತ್ತೆ ಅದೇ ಆಸ್ಪತ್ರೆಗೆ ಓಡಿದೆವು. ಎಕ್ಸ್‌ರೇ ನೋಡಿ, ಕಫ ಪರೀಕ್ಷಿಸಿ, ವೈದ್ಯರು ನನ್ನೊಬ್ಬನನ್ನೇ ಕರೆದು ಕೇಳಿದರು: “ಈಚೆಗೆ ಬೂಷ್ಟು ಹಿಡಿದದ್ದನ್ನು ಏನಾದರೂ ಮುಟ್ಟಿದ್ದರೇ?” ಜೋಳದ ವಿಷಯ ಹೇಳಿದೆ. ಅದರಿಂದಲೇ ಎಂದು ಖಚಿತವಾಗಿ ಹೇಳಲಾಗದು, ಆದರೆ ಆಗಿರಬಹುದು ಎಂದರು. ಬೂಷ್ಟು ಎರಡೂ ಶ್ವಾಸಕೋಶಗಳಿಗೆ ಹಬ್ಬಿತ್ತು.

ನರಕ್ಕೆ ಹಾಕುತ್ತಿದ್ದ ಔಷಧಿಗೆ ಮಾಸ್ತರರ ಮೈ ಗಡಗಡ ನಡುಗುತ್ತಿತ್ತು. ಒಮ್ಮೆ ಅಕ್ಕ ಹೊರಗೆ ಹೋದಾಗ ನನ್ನ ಕೈ ಹಿಡಿದರು. “ಜೋಳದ ಸುದ್ದಿ ಅಕಿಗೆ ಹೇಳಬ್ಯಾಡ್ರಿ. ಹಗೇವು ತೆಗಿಸಿದಾಕಿ ನಾನ ಅಂತ ಜೀವಮಾನ ಕೊರಗತಾಳ.” ಹೇಳುವುದಿಲ್ಲ ಎಂದು ಮಾತು ಕೊಟ್ಟೆ.

ಆ ವಾರವೇ ಹೋಗಿಬಿಟ್ಟರು.

ವೈದ್ಯರು ಹೊರಗೆ ಬಂದು ಅಕ್ಕನ ಎದುರು ಕೈ ಕಟ್ಟಿ ನಿಂತರು. ಸಮಾಧಾನಕ್ಕೆಂದು ಒಂದು ಮಾತು ಹೇಳಿದರು. ಅದನ್ನು ಕನ್ನಡದಲ್ಲಿ ಹೇಳಬೇಕಾದವನು ನಾನು: “ಅಕ್ಕಾ, ನೀವು ಕೊಟ್ಟ ಮೂತ್ರಪಿಂಡ ಕಡೀತನಕ ಛಲೋ ಕೆಲಸ ಮಾಡ್ತಂತ್ರಿ.”

ಅಕ್ಕ ಅಳಲಿಲ್ಲ. ಕಣ್ಣು ಮಿಟುಕಿಸದೆ ನನ್ನನ್ನೇ ನೋಡಿದರು.

“ನಂದು ಛಲೋ ಇತ್ತಂದ್ರ, ಅವ ಹೆಂಗ ಸತ್ತ, ತಮ್ಮಾ?”

ಏನು ಕೇಳುತ್ತಿದ್ದಾರೆ ಎಂದು ವೈದ್ಯರು ನನ್ನ ಮುಖ ನೋಡಿದರು. ನಾನು ಆ ಭಾಷೆಯಲ್ಲೂ ಹೇಳಲಿಲ್ಲ, ಈ ಭಾಷೆಯಲ್ಲೂ ಹೇಳಲಿಲ್ಲ.