ಮರಳಿ ಬಾರದವರ ಪಟ್ಟಿ

ಮಾದೇವಿ ಅಕ್ಕ, ನೀವು ಬಂದಿದ್ದಿರಿ. ಬರಲಿಲ್ಲ ಎಂದು ಬರೆದದ್ದು ನಾನು — ಕೈತಪ್ಪಿ ಅಲ್ಲ, ಗೊತ್ತಿದ್ದೂ.

ಈ ಪತ್ರವನ್ನು ನಿಮ್ಮ ಮಗಳು ಓದಿ ಹೇಳುವಾಗ, ಬೈಯಬೇಕೆನಿಸಿದಲ್ಲೇ ಬೈಯಿರಿ. ಕೊನೆಯವರೆಗೆ ಕಾಯಬೇಡಿ.

ಆಗ ನಾನು ದಂತವೈದ್ಯದ ಉನ್ನತ ಪದವಿ ಓದುತ್ತಿದ್ದೆ. ಮಿಶ್ರಿ — ಆ ಸುಟ್ಟ ತಂಬಾಕಿನ ಪುಡಿ — ತಿಕ್ಕಿ ಒಸಡು ಕೆಡಿಸಿಕೊಂಡ ಹೆಂಗಸರಿಗೆ ಒಂದು ಹೊಸ ಮುಲಾಮಿನಿಂದ ಗುಣವಾಗುತ್ತದೆಯೇ ಎಂಬುದು ನನ್ನ ಸಂಶೋಧನೆ. ಮಳೆಗಾಲದಲ್ಲಿ ದೋಣಿಗಳು ಕಡಲಿಗಿಳಿಯುವುದಿಲ್ಲ, ನಿಮಗೆಲ್ಲ ಬಿಡುವಿರುತ್ತದೆ ಎಂದೇ ನಿಮ್ಮೂರು ಮಂಜಗುಣಿಗೆ ಬಂದೆ. ಕೊನೆಯ ತಪಾಸಣೆಗೆ ಬಂದವರಿಗೆ ಹಲ್ಲಿನ ಚಿಕಿತ್ಸೆಯೆಲ್ಲ ಪುಕ್ಕಟೆ ಎಂದು ಮಾತು ಕೊಟ್ಟವಳೂ ನಾನೇ.

ಆ ಕೊನೆಯ ತಪಾಸಣೆಯ ಹೊತ್ತಿಗೆ ಮೀನುಗಾರಿಕೆ ಶುರುವಾಗಿತ್ತು. ಹಲವರು ಬರಲಿಲ್ಲ. ನೀವು ಬಂದಿರಿ — ಅಂಕೋಲಾ ಪೇಟೆಗೆ ಹೊರಟ ಮೀನಿನ ಬುಟ್ಟಿಯನ್ನು, ನಾನು ತಪಾಸಣೆ ನಡೆಸುತ್ತಿದ್ದ ಶಾಲೆಯ ಮೆಟ್ಟಿಲ ಬಳಿ ಇಳಿಸಿ. ಒಸಡು ಮೊದಲಿಗಿಂತ ಕೆಟ್ಟಿತ್ತು, ಮುಂದಿನ ಎರಡು ಹಲ್ಲು ಅಲ್ಲಾಡುತ್ತಿದ್ದವು. "ಮುಲಾಮು ಒಂದಿನಾನೂ ತಪ್ಪಿಸ್ಲಿಲ್ಲ ನೋಡಿ ಡಾಕ್ಟರಮ್ಮ," ಎಂದಿರಿ. ನನಗೆ ಕನಿಕರ ಬರಲಿಲ್ಲ. ಸಿಟ್ಟು ಬಂತು. ನಿಮ್ಮ ಮೇಲೆ — ನನ್ನ ಫಲಿತಾಂಶ ಕೆಡಿಸಿದಿರಿ ಎಂದು.

ಕೆಟ್ಟಿತ್ತು ಕೂಡ. ಕೋಷ್ಟಕದಲ್ಲಿ ನಿಮ್ಮೊಬ್ಬರ ಸಾಲು ಸೇರಿಸಿದರೆ, ಉಳಿದವರಿಗಾದ ಗುಣ ಬರೀ ಆಕಸ್ಮಿಕವಿರಬಹುದು ಎನ್ನುತ್ತಿತ್ತು ಲೆಕ್ಕ. ತೆಗೆದರೆ ಮುಲಾಮು ಗೆಲ್ಲುತ್ತಿತ್ತು. ನನ್ನ ಮಾರ್ಗದರ್ಶಕರು ಕಂಪ್ಯೂಟರ್ ಪರದೆಯಿಂದ ತಲೆಯೆತ್ತದೆ ಹೇಳಿದರು: "ಸೀಜನ್ ಸುರುವಾಯ್ತಲ್ಲ? ಮೀನು ಮಾರೂಕೆ ಹೋದ್ಲು, ಬರ್ಲಿಲ್ಲ ಅಂತ ಹಾಕು. ಯಾರ್ ಕೇಳ್ತಾರೆ?" ಆ ಮನುಷ್ಯನನ್ನು ಕಂಡರೆ ಇಂದಿಗೂ ಮೈ ಉರಿಯುತ್ತದೆ. ಆದರೆ ಸಾಲು ಅಳಿಸಿದ ಬೆರಳು ನನ್ನದು. ಬಾರದವರು ಇಷ್ಟು ಜನ ಇರುವುದು ಸಹಜ ಎಂದು ನನ್ನ ಪ್ರಬಂಧದ ಪರೀಕ್ಷಕರೂ ತಲೆದೂಗಿದರು.

ಚಿಕಿತ್ಸೆಯ ಬಸ್ಸು ನಿಮ್ಮೂರಿಗೆ ಬಂದ ದಿನ ಪಟ್ಟಿಯಲ್ಲಿ ನಿಮ್ಮ ಹೆಸರಿರಲಿಲ್ಲ. ಸಾಲಿನಲ್ಲಿದ್ದ ಹೆಂಗಸರ ಎದುರು ನನ್ನತ್ತ ಕೈ ತೋರಿಸಿ ಕೂಗಿದಿರಿ: "ಇವ್ರೇ ನನ್ ಬಾಯಿ ನೋಡಿದ್ರು. ಹೇಳಿ, ನಾ ಬಂದಿದ್ನಾ ಇಲ್ವಾ?"

"ಇಲ್ಲ," ಎಂದೆ. ಅಷ್ಟಕ್ಕೇ ನಿಲ್ಲಿಸಲಿಲ್ಲ. "ಪುಕ್ಕಟೆ ಅಂದ್ರೆ ಎಲ್ಲರೂ ಬಂದಿದ್ದೆ ಅಂತಾರೆ," ಎಂದೂ ಸೇರಿಸಿದೆ. ಯಾರೋ ನಕ್ಕರು. ನೀವು ನನ್ನ ಕಾಲಬುಡಕ್ಕೆ ಉಗಿದು ಹೊರಟಿರಿ.

ಈಗ ಕಾರವಾರದಲ್ಲಿ ನನ್ನದೇ ದವಾಖಾನೆ ಇದೆ. ಕಳೆದ ತಿಂಗಳು ಕದ್ವಾಡದ ಒಬ್ಬಾಕೆ ಬಂದಳು. ಆ ಮುಲಾಮನ್ನೇ ನಂಬಿ ವರ್ಷಗಟ್ಟಲೆ ಹಚ್ಚಿಕೊಂಡು, ಒಸಡು ಕೊಳೆತ ಮೇಲೆ. "ನೀವೇ ಪರೀಕ್ಷೆ ಮಾಡಿದ್ದಂತಲ್ಲ ಮೇಡಂ," ಎಂದಳು. ಪ್ರಬಂಧ ತಪ್ಪು, ಹಿಂಪಡೆಯಿರಿ ಎಂದು ಅದನ್ನು ಪ್ರಕಟಿಸಿದ್ದ ವೈದ್ಯಕೀಯ ಪತ್ರಿಕೆಗೆ ಅಂದೇ ಬರೆದೆ. ಪದವಿ ಹೋದರೆ ಹೋಗಲಿ — ಅದು ನಿಮ್ಮ ಬಾಯಿಂದ ಕಿತ್ತದ್ದು.

ಆಮೇಲೆ ನಿಮ್ಮ ಮಗಳಿಗೆ ಫೋನ್ ಮಾಡಿದೆ. ಪೂರ್ತಿ ಕೇಳಿಸಿಕೊಂಡಳು. "ಅವ್ವಂಗೆ ಈಗ ಒಂದ್ ಹಲ್ಲೂ ಇಲ್ಲ," ಎಂದಳು. "ಅದಿರ್ಲಿ ಬಿಡಿ. ಅಂದಿಂದ ಯಾವ ದವಾಖಾನೆಗೂ ಕಾಲಿಡ್ಲಿಲ್ಲ ಅವ್ಳು. ಜ್ವರ ಬಂದ್ರೂ ಇಲ್ಲ. ಹೋದ್ರೂ ಬರ್ಲಿಲ್ಲ ಅಂತಾರೆ ಅಂತಾಳೆ."

ಭಾನುವಾರ ಮಂಜಗುಣಿಗೆ ಬರುತ್ತೇನೆ. ನೀವು ಬಾಗಿಲು ತೆಗೆಯುವುದು ಬೇಡ. ಹೊರಗೆ, ನಿಮ್ಮ ಕೇರಿಯ ಹೆಂಗಸರೆಲ್ಲ ಕೇಳುವ ಹಾಗೆ, ಸುಳ್ಳಿ ಯಾರೆಂದು ಹೇಳಿ ಹೋಗುತ್ತೇನೆ.