ಬಾಗಿಲಲ್ಲಿ ಯಾರೂ ಕೇಳದ ಪ್ರಮಾಣಪತ್ರ

2021ರ ಬೇಸಿಗೆಯಲ್ಲಿ ನಾನು ಟೋಕಿಯೋದ ಒಂದು ಕೋವಿಡ್ ಲಸಿಕೆ ಕೇಂದ್ರದಲ್ಲಿ ದುಭಾಷಿಯಾಗಿದ್ದೆ. ಜಪಾನಿ ಬಾರದ ಭಾರತೀಯರಿಗೆ ಫಾರಂ ತುಂಬಿಸುವುದು, ವೈದ್ಯರ ಪ್ರಶ್ನೆಗಳನ್ನು ತಿಳಿಸುವುದು ನನ್ನ ಕೆಲಸ. ಹನ್ನೆರಡು ವರ್ಷದ ವೃತ್ತಿಯಲ್ಲಿ ಸುಳ್ಳು ಹೇಳಿದ್ದು ಅಲ್ಲಿ, ಒಂದೇ ಸಲ. ಅದಕ್ಕೆ ಇವತ್ತಿಗೂ ನನ್ನ ಮೇಲೆ ನನಗೆ ಸಿಟ್ಟಿದೆ.

ಜಪಾನಿನಲ್ಲಿ ಅಂಗವಿಕಲರ ಸಹಾಯಕ ನಾಯಿಗಳಿಗೆ ಕಾನೂನಿದೆ. ತರಬೇತಿಯಾಗಿ ಪರೀಕ್ಷೆ ಪಾಸಾದ ನಾಯಿಗೆ ನೋಂದಣಿ ಸಂಖ್ಯೆ, ಬೆನ್ನಿನ ಬಟ್ಟೆಯ ಮೇಲೆ ಗುರುತು, ಯಜಮಾನರ ಕೈಯಲ್ಲಿ ಪ್ರಮಾಣಪತ್ರ. ಕೇಳಿದರೆ ಅವರು ತೋರಿಸಬೇಕು, ತೋರಿಸಿದರೆ ನಾವು ಬಿಡಬೇಕು. ಇಷ್ಟೇ. ಆದರೆ ನಮ್ಮ ಕೇಂದ್ರದಲ್ಲಿ ಒಬ್ಬರ ಮುಖ ನೋಡಿ ಕಾಗದ ತೋರಿಸಿ ಎನ್ನಲು ಯಾರಿಗೂ ಬಾಯಿ ಬರುತ್ತಿರಲಿಲ್ಲ.

ಒಂದು ಶನಿವಾರ ಭಾರತೀಯರು ಹೆಚ್ಚಿರುವ ನಿಶಿ ಕಸಾಯಿ ಬಡಾವಣೆಯಿಂದ ಕನ್ನಡಿಗ ಎಂಜಿನಿಯರೊಬ್ಬರು ಪುಟ್ಟ ಪೂಡಲ್ ನಾಯಿ ಎತ್ತಿಕೊಂಡು ಬಂದರು. ಅದಕ್ಕೊಂದು ಕೆಂಪು ಜಾಕೆಟ್, ಮೇಲೆ ಇಂಗ್ಲಿಷಿನಲ್ಲಿ 'ಸರ್ವಿಸ್ ಡಾಗ್'.

"ಆನ್‌ಲೈನಲ್ಲಿ ತರಿಸಿದ್ದು ಮೇಡಂ. ಈ ಬಿಸಿಲಲ್ಲಿ ಪಾಪ ಹೊರಗೆ ಕಟ್ಟೋಕಾಗಲ್ಲ. ನೀವೇ ಏನಾದ್ರೂ ಹೇಳ್ಬಿಡಿ," ಎಂದರು ನಗುತ್ತ.

ನಮ್ಮವರು ಎಂಬ ಹಾಳು ದಾಕ್ಷಿಣ್ಯ. ಸಹಾಯಕ ನಾಯಿ ಎಂದುಬಿಟ್ಟೆ. ಬಾಗಿಲಲ್ಲಿದ್ದವರು ತಲೆಬಾಗಿ ಒಳಗೆ ಬಿಟ್ಟರು. ಲಸಿಕೆಯಾದ ಮೇಲೆ ಕಾಯಿಸುವ ಹದಿನೈದು ನಿಮಿಷದಲ್ಲಿ ಪೂಡಲ್ ಕುರ್ಚಿಯ ಕಾಲಿಗೆ ಉಚ್ಚೆ ಹೊಯ್ದು, ನರ್ಸ್ ಒಬ್ಬರ ಕಾಲಿಗೆ ಬಾಯಿ ಹಾಕಿತು.

ವ್ಯವಸ್ಥಾಪಕ ಒಕಾ ಸಾನ್ (ನಮ್ಮ 'ಅವರು' ಇದ್ದಂತೆ ಅಲ್ಲಿ ಹೆಸರಿನ ಜೊತೆ 'ಸಾನ್') ಆ ಮನುಷ್ಯನಿಗೆ ಒಂದು ಮಾತೂ ಅನ್ನಲಿಲ್ಲ. ಮರುದಿನ ಬಾಗಿಲಿಗೆ ನೋಟೀಸು ಅಂಟಿಸಿದರು. ಮೊದಲ ಮೂರು ಸಾಲು ಕ್ಷಮಾಪಣೆ, ಕೊನೆಯದು: ಯಾವ ನಾಯಿಗೂ ಪ್ರವೇಶವಿಲ್ಲ. ಒಬ್ಬನನ್ನು ಕೇಳುವ ಮುಜುಗರ ತಪ್ಪಿಸಿಕೊಳ್ಳಲು ಎಲ್ಲರನ್ನೂ ಹೊರಗಿಟ್ಟರು.

ಮುಂದಿನ ಶನಿವಾರ ಹಯಾಶಿ ಸಾನ್ ಬಂದರು. ಅರವತ್ತೈದು ದಾಟಿದ, ಪೂರ್ತಿ ಕಿವಿ ಕೇಳದ ಹೆಂಗಸು. ಜೊತೆಗಿದ್ದ ಕಂದು ನಾಯಿ ಶಬ್ದ ಬಂದಾಗ ಮುಟ್ಟಿ ತಿಳಿಸಲು ಕಲಿತದ್ದು, ನೋಂದಣಿಯಾದದ್ದು. ಎಲ್ಲರ ಬಾಯಿಗೂ ಮಾಸ್ಕ್ ಇದ್ದ ಆ ಕಾಲದಲ್ಲಿ ತುಟಿ ನೋಡಿ ಮಾತು ತಿಳಿಯುವುದೂ ಆಕೆಗೆ ಆಗುತ್ತಿರಲಿಲ್ಲ. ಆಕೆ ಚೀಲದಿಂದ ಪ್ರಮಾಣಪತ್ರ ತೆಗೆಯುವಷ್ಟರಲ್ಲಿ ಒಕಾ ಸಾನ್ ನೋಟೀಸು ತೋರಿಸಿ ನಡು ಬಗ್ಗಿಸಿದರು. ಆಕೆ ವಾದಿಸದೆ ಹೊರಟರು. ನಾನು ಒಕಾ ಸಾನ್ ಕಡೆ ತಿರುಗಿದೆ.

"ಕಾಗದ ನೋಡಿ. ಕಾನೂನಿನ ಪ್ರಕಾರ ಬಿಡಲೇಬೇಕು," ಎಂದೆ.

"ಹೋದ ವಾರ ಬಿಟ್ಟು ಏನಾಯಿತು ನೋಡಿದಿರಲ್ಲ," ಎಂದರು ಅವರು.

"ಹೋದ ವಾರ ಸುಳ್ಳು ಹೇಳಿದ್ದು ನಾನು."

ಉತ್ತರಕ್ಕೆ ಕಾಯದೆ, ಆಕೆ ಹೋಗುತ್ತಿದ್ದ ಬಸ್ ನಿಲ್ದಾಣದತ್ತ ಓಡಿದೆ. "ಹಯಾಶಿ ಸಾನ್," ಎಂದು ಜೋರಾಗಿ ಕೂಗಿದೆ. ಕಿವಿ ಕೇಳದವರನ್ನು ಕೂಗುವ ನನ್ನ ಬುದ್ಧಿಗೆ ಏನನ್ನಬೇಕು. ಆದರೆ ನಾಯಿ ನಿಂತಿತು. ಮುಂಗಾಲಿನಿಂದ ಆಕೆಯ ಮೊಣಕಾಲು ತಟ್ಟಿ, ನನ್ನ ಕಡೆ ತಿರುಗುವಂತೆ ಮಾಡಿತು.

ನಡೆದದ್ದನ್ನೆಲ್ಲ ಫೋನಿನಲ್ಲಿ ಬರೆದು ಕ್ಷಮೆ ಕೇಳಿದೆ, ನಾನೇ ಒಳಗೆ ಕರೆದೊಯ್ಯುತ್ತೇನೆ ಎಂದೆ. ಆಕೆ ಓದಿ, ಕೆಳಗೆ ಬರೆದರು: "ಯಾರಾದರೂ ಕೇಳಲಿ ಎಂದೇ ಆರು ವರ್ಷದಿಂದ ಈ ಕಾಗದ ಹೊತ್ತು ತಿರುಗುತ್ತಿದ್ದೇನೆ." ಬಸ್ ಬಂತು, ಹತ್ತಿದರು. ಮತ್ತೆ ನಮ್ಮ ಕೇಂದ್ರಕ್ಕೆ ಬರಲಿಲ್ಲ.

ಜಪಾನಿನಂತೆ ಎಲ್ಲೆಡೆ ನೋಂದಣಿ ಕಡ್ಡಾಯ ಮಾಡಿದರೆ ಮೋಸ ನಿಲ್ಲುತ್ತದೆಯೇ ಎಂದು ಈಗಲೂ ಕೆಲವರು ಕೇಳುತ್ತಾರೆ. ನೋಂದಣಿ ಬೇಕೇ ಬೇಕು. ಆದರೆ ಬಾಗಿಲಲ್ಲಿ ನಿಂತವರು ಬಾಯಿಬಿಟ್ಟು ಕೇಳದಿದ್ದರೆ ಅದು ಬರೀ ಕಾಗದ. ಸುಳ್ಳು ಜಾಕೆಟ್ಟಿನವರಿಗೆ ಲಸಿಕೆ ಸಿಕ್ಕಿತು, ಪರೀಕ್ಷೆ ಪಾಸಾದ ನಾಯಿಯ ಯಜಮಾನಿ ಬರಿಗೈಯಲ್ಲಿ ಹೋದರು. ಎರಡೂ ದಿನ ಬಾಗಿಲಲ್ಲಿ ನಾನಿದ್ದೆ.