ಎರಡು ರಾಶಿಗಳ ನಡುವೆ ಬೊಮ್ಮಕ್ಕ

ನಮ್ಮ ಸೋದರತ್ತೆ ಬೊಮ್ಮಕ್ಕ ಎತ್ತರದ ಹೆಂಗಸು. ಐದಡಿ ಆರಂಗುಲ. ಅದೇನು ಮಹಾ ಎನ್ನುತ್ತೀರಿ ನೀವು. ಆ ಕಾಲದ ದೇವಸಮುದ್ರದಲ್ಲಿ ಅದು ಹೆಣ್ಣಿಗೆ ತಗುಲಿದ ರೋಗ. ಗಾಳಿ ಸೋಕಿ ಹಾಗೆ ಬೆಳೆದಳೆಂದು ಊರೇ ತೀರ್ಮಾನಿಸಿತ್ತು. ನಮ್ಮಜ್ಜಿ ಸೂರಮ್ಮ ಮಗಳು ಹೊರಗೆ ಕಾಲಿಟ್ಟಾಗೆಲ್ಲ "ಬಗ್ಗಿ ನಡಿಯೇ" ಎಂದು ಗದರುತ್ತಿದ್ದಳು. ಅತ್ತೆ ಕತ್ತು ಬಗ್ಗಿಸಿ, ಸೀರೆಯೊಳಗೆ ಮೊಣಕಾಲು ಕುಗ್ಗಿಸಿ ನಡೆಯುವುದನ್ನು ರೂಢಿ ಮಾಡಿಕೊಂಡಳು.

ಹುಟ್ಟಿದಾಗಲೇ ಅವಳು ಸೋದರಮಾವನ ಮಗ ಬೋರಣ್ಣನಿಗೆ ಎಂದು ಮಾತಾಗಿತ್ತು. ಅವನೂ ಅಷ್ಟೇ ಎತ್ತರ. ಅವನನ್ನು ಕಂಡರೆ "ಒಳ್ಳೆ ಆಳು" ಎನ್ನುತ್ತಿದ್ದ ಜನ ಇವಳನ್ನು ಕಂಡರೆ ಮುಸಿಮುಸಿ ನಗುತ್ತಿದ್ದರು. ಬೋರಣ್ಣ ಮದುವೆಯನ್ನು ಮುಂದೂಡುತ್ತಲೇ ಬಂದ. ಅತ್ತೆಗೋ ಅವನೆಂದರೆ ಜೀವ.

ಸಾವಿರದ ಒಂಬೈನೂರ ಏಳೋ ಎಂಟೋ ಇರಬೇಕು. ಸರ್ಕಾರದ ಲೆಕ್ಕಕ್ಕೆಂದು ಜನರ ಎತ್ತರ ಅಳೆಯಿಸುವ ಒಬ್ಬ ಬಿಳಿಯ ದೊರೆ ಬರುವವನಿದ್ದ. ಅವನ ಗುಮಾಸ್ತ ಮುರುಗೇಂದ್ರಪ್ಪ ಮೊದಲೇ ಬಂದು, ಗುಡಿಯ ಮುಂದೆ ಕೋಲು ನೆಟ್ಟು ಸುತ್ತಲಿನ ಹಳ್ಳಿಗಳವರನ್ನೆಲ್ಲ ಅಳೆದ. ಕುಗ್ಗಿ ನಿಂತ ಅತ್ತೆಯನ್ನು ಇಬ್ಬರು ಹೆಂಗಸರು ಕೋಲಿಗೆ ಒತ್ತಿ ಹಿಡಿಯಬೇಕಾಯಿತು. ಜನಕ್ಕೂ ಕಾಣಲಿ ಎಂದು ಮರಳಿನ ಮೇಲೆ ಅಂಗುಲಕ್ಕೊಂದು ಗೆರೆ ಎಳೆದು, ಒಬ್ಬೊಬ್ಬರಿಗೂ ಒಂದು ಕಲ್ಲಿಟ್ಟ. ಹೆಂಗಸರದೊಂದು ರಾಶಿ, ಗಂಡಸರದೊಂದು. ಎರಡೂ ನಡುವೆ ಉಬ್ಬಿ, ಎರಡು ಬದಿಗೂ ಒಂದೇ ತೆರನಾಗಿ ಇಳಿದಿದ್ದವು. ಹೆಂಗಸರ ರಾಶಿಯ ನಡು ಐದಡಿ. ಅತ್ತೆಯ ಕಲ್ಲು ಅಂಚಿನಾಚೆ ಒಂಟಿಯಾಗಿತ್ತು.

ಜನ ನಕ್ಕರು. ಮುರುಗೇಂದ್ರಪ್ಪ ನಗಲಿಲ್ಲ.

"ಯಾವ ಊರಾಗೆ ಅಳೆದ್ರೂ ರಾಶಿ ಹಿಂಗೇ ಬೀಳ್ತೈತೆ. ನಡುವಿನಿಂದ ಎರಡಂಗುಲ ಆಚೀಚೆ ಆಗೋದು ಮಾಮೂಲಿ. ಅದನ್ನ ಒಂದು ಹೆಜ್ಜೆ ಅನ್ರಿ. ಮೂರರಾಗೆ ಎರಡು ಪಾಲು ಜನ ಆ ಹೆಜ್ಜೆ ಒಳಗೇ ಇರ್ತಾರೆ. ಈಯಮ್ಮ ಮೂರು ಹೆಜ್ಜೆ ಆಚೆ. ಸಾವಿರಕ್ಕೆ ಒಬ್ರು ಹಂಗೆ ಇದ್ದೇ ಇರ್ತಾರೆ. ಗಾಳಿನೂ ಅಲ್ಲ, ದೆವ್ವನೂ ಅಲ್ಲ."

ಆಮೇಲೆ ಬೋರಣ್ಣನ ಕಲ್ಲು ತೋರಿಸಿದ. ಗಂಡಸರ ನಡು ಐದಡಿ ನಾಲ್ಕಂಗುಲ. ಅಲ್ಲಿ ಅದೇ ಐದಡಿ ಆರಂಗುಲ ಬರೀ ಒಂದು ಹೆಜ್ಜೆ. "ಎತ್ತರ ಇಬ್ರದೂ ಒಂದೇ. ಯಾವ ರಾಶಿಯಾಗೆ ಇಟ್ಟು ನೋಡ್ತೀವಿ ಅನ್ನೋದ್ರಾಗೆ ಐತೆ ಎಲ್ಲಾ."

ಬೋರಣ್ಣನ ಅಪ್ಪನ ಮನಸ್ಸು ಕರಗಿತು. "ದೊರೆನೂ ಹೂಂ ಅನ್ಲಿ, ಬರೋ ತಿಂಗ್ಳು ತಾಳಿ ಕಟ್ಟಿಸ್ತೀನಿ" ಎಂದು ಎಲ್ಲರೆದುರು ಮಾತು ಕೊಟ್ಟ.

ಮರುದಿನ ದೊರೆ ಬಂದ. ಒಂಟಿ ಕಲ್ಲು ನೋಡಿ ಹುಬ್ಬು ಗಂಟಿಕ್ಕಿ, ಅಂಥ ಹೆಂಗಸಿದ್ದರೆ ಕರೆಸು ಎಂದ. ಅತ್ತೆ ಮುಂದೆ ಬಂದಳು. ದೊರೆಯ ಎದುರು ಎಂದಿನಂತೆ ಕತ್ತು ಬಗ್ಗಿಸಿ, ಮೊಣಕಾಲು ಕುಗ್ಗಿಸಿ ನಿಂತಳು.

"ನೆಟ್ಟಗೆ ನಿಲ್ಲೇ, ನೆಟ್ಟಗೆ!" ಎಂದು ಅಜ್ಜಿ ಚೀರಿದಳು. ಅತ್ತೆ ಇನ್ನಷ್ಟು ಕುಗ್ಗಿದಳು.

ದೊರೆ ನಕ್ಕುಬಿಟ್ಟ. ಯಾವನೋ ಗಂಡಸಿನ ಕಲ್ಲು ತಪ್ಪಿ ಇಲ್ಲಿ ಬಿದ್ದಿದೆ, ಆ ಕಡೆ ಹಾಕು ಎಂದ. ಕೋಲು ಅಲ್ಲೇ ಇತ್ತು. ಇನ್ನೊಮ್ಮೆ ಅಳೆಯೋಣ ಸ್ವಾಮಿ ಎಂದಿದ್ದರೆ ಮುಗಿಯುತ್ತಿತ್ತು. ಹಿಂದಿನ ದಿನ ಅಷ್ಟೆಲ್ಲ ಬುದ್ಧಿ ಹೇಳಿದ ಮುರುಗೇಂದ್ರಪ್ಪನ ಬಾಯಿಗೆ ಬೀಗ ಬಿದ್ದಿತ್ತು. ನೌಕರಿ ನೋಡಿ! ಆ ಮನುಷ್ಯನ ಮೇಲೆ ನನಗೆ ಇಂದಿಗೂ ಸಿಟ್ಟಿದೆ. ಅವನು ಕಲ್ಲನ್ನೆತ್ತಿ ಗಂಡಸರ ರಾಶಿಯಲ್ಲಿ, ಬೋರಣ್ಣನ ಕಲ್ಲಿನ ಪಕ್ಕದಲ್ಲೇ ಇಟ್ಟ. ಅಲ್ಲಿ ಅದು ಉಳಿದವುಗಳೊಡನೆ ಬೆರೆತುಹೋಯಿತು.

"ಸರ್ಕಾರನೇ ಗಂಡ್ಸು ಅಂದ್ಮ್ಯಾಲೆ ನಾನು ಹೆಂಗ್ ಕಟ್ಕಳ್ಳಿ?" ಎಂದ ಬೋರಣ್ಣ. ಊರೆಲ್ಲ ನಕ್ಕಿತು. ಅವನಪ್ಪ ತಲೆ ತಗ್ಗಿಸಿಕೊಂಡು ಎದ್ದುಹೋದ. ಬೇಸಗೆಯಲ್ಲಿ ಬೋರಣ್ಣ ಚಳ್ಳಕೆರೆ ಕಡೆಯ ಹುಡುಗಿಯನ್ನು ಮದುವೆಯಾದ.

ಅತ್ತೆ ನಮ್ಮ ಮನೆಯಲ್ಲೇ ಉಣ್ಣೆ ನೂಲುತ್ತ ಮುದುಕಿಯಾದಳು. ಅವತ್ತು ಯಾಕೆ ನೆಟ್ಟಗೆ ನಿಲ್ಲಲಿಲ್ಲ ಎಂದು ಒಮ್ಮೆ ಕೇಳಿಯೇಬಿಟ್ಟೆ.

ನೂಲುವ ಕೈ ನಿಂತಿತು. "ನಿಂತಿದ್ದೆ ಅಂದ್ಕಂಡಿದ್ದೆ ಕಣಪ್ಪ" ಎಂದಳು. "ಅವ್ವ ಕೂಗಿದ್ಮ್ಯಾಲೆ ಗೊತ್ತಾತು, ನಂಗೆ ನೆಟ್ಟಗೆ ನಿಲ್ಲೋದೇ ಮರ್ತೋಗೈತೆ ಅಂತ."